ನಿಬಂಧನ ಗದ್ಯದ ಗುಣದೋಷಗಳು
(ಕೊಳವೆ ಮಾರ್ಗಗಳ ಉನ್ನತಬಲದ ಉಕ್ಕಿನ ಫಿಟಿಂಗ್ ಮತ್ತು ಫ್ಲ್ಯಾಂಜುಗಳ ನಿರ್ದೇಶ ಗ್ರಂಥಗಳನ್ನು ಕುರಿತು)

೧

ಕಾವ್ಯದಲ್ಲಿ ಒಂದು ಮಾತಿಗೆ ಎರಡು ಅರ್ಥಗಳು ಹೊಳೆದರೆ ಅದು ಕವಿಯ ಸಂಪತ್ತು. ಶಾಸ್ತ್ರದಲ್ಲಿ ಹೊಳೆದರೆ ಅದು ಗ್ರಂಥಕಾರನ ಸಾಲ. ಈ ಭೇದವನ್ನು ಕನ್ನಡದ ಲಾಕ್ಷಣಿಕರು ಬಹು ಹಿಂದೆಯೇ ಬಲ್ಲವರಾಗಿದ್ದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನ್ನ ಮೊದಲನೆಯ ಪರಿಚ್ಛೇದವನ್ನೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರವನ್ನು ಹೇಳಿ, ಸೂತ್ರದ ಸಂಕ್ಷೇಪವು ಸಂದೇಹಕ್ಕೆ ಎಡೆಗೊಡದಿರಲೆಂದು ವೃತ್ತಿಯನ್ನು ಬರೆದು, ವೃತ್ತಿಯೂ ಸಾಲದೆಂದು ಪ್ರಯೋಗಗಳನ್ನು ಕೊಟ್ಟನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಗಣಿತವನ್ನೇ ಕನ್ನಡದ ಪದ್ಯಕ್ಕೆ ತಂದಾಗ, ಲೆಕ್ಕದ ಮಾತು ಕೆಡದಂತೆ ಛಂದಸ್ಸನ್ನು ನಡಸುವ ಹೊಣೆಯನ್ನು ಹೊತ್ತನು. ಹೀಗೆ ಶಾಸ್ತ್ರದ ಮಾತಿಗೂ ಒಂದು ರಚನಾಧರ್ಮವುಂಟೆಂಬುದು ಈ ನಾಡಿಗೆ ಹೊಸ ವಿಚಾರವಲ್ಲ.

ಆದರೆ ಇಂದು ಲೋಕದ ಕಾರ್ಯಗಳನ್ನು ಅತ್ಯಂತ ಪ್ರಬಲವಾಗಿ ನಡಸುತ್ತಿರುವ ಒಂದು ಬಗೆಯ ಗದ್ಯದ ಕಡೆಗೆ ಸಾಹಿತ್ಯ ವಿಮರ್ಶಕರ ದೃಷ್ಟಿಯು ಬಿದ್ದಿರುವುದು ವಿರಳ. ಇಂತಹ ವಸ್ತುವನ್ನು ಇಂತಹ ದ್ರವ್ಯದಿಂದ ಇಂತಹ ಅಳತೆಗೆ ಮಾಡಿ, ಇಂತಹ ಪರೀಕ್ಷೆಗೆ ಒಳಪಡಿಸಿ ಒಪ್ಪಿಸತಕ್ಕದ್ದೆಂದು ವಿಧಿಸುವ ನಿರ್ದೇಶ ಪತ್ರವೇ ಆ ಗದ್ಯ. ಕಾರ್ಖಾನೆಯಲ್ಲಿಯೂ ಕಚೇರಿಯಲ್ಲಿಯೂ ಇದನ್ನು ಸ್ಪೆಸಿಫಿಕೇಷನ್ ಎಂದು ಕರೆಯುತ್ತಾರೆ. ಇದರ ವಾಚಕನು ಓದಿ ಆನಂದಿಸುವವನಲ್ಲ. ಓದಿ ಉಕ್ಕನ್ನು ಕಾಯಿಸುವವನು. ವಾಕ್ಯದಲ್ಲಿ ಉಳಿದ ಸಂದೇಹವು ಇಲ್ಲಿ ಟೀಕಾಕಾರರ ವಾದದಲ್ಲಿ ಮುಗಿಯದೆ ಲೋಹದಲ್ಲಿ ಅಚ್ಚೊತ್ತಿ ನಿಲ್ಲುತ್ತದೆ. ಈ ಗದ್ಯದ ಒಂದು ಪ್ರಕಾರವನ್ನು, ಅಂದರೆ ಅನಿಲ ಮತ್ತು ತೈಲವನ್ನು ಸಾಗಿಸುವ ಕೊಳವೆ ಮಾರ್ಗಗಳ ಜೋಡಣೆಗಳನ್ನು ನಿರ್ದೇಶಿಸುವ ಗ್ರಂಥಗಳನ್ನು, ಶಬ್ದಾರ್ಥಗಳ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ವಿಷಯದ ಸ್ವರೂಪವನ್ನು ಮೊದಲು ತಿಳಿಯುವುದು ಯುಕ್ತ. ಕೊಳವೆ ಮಾರ್ಗವು ನೂರಾರು ಮೈಲಿ ನೇರವಾಗಿ ಹೋದರೂ ಎಲ್ಲಿಯೋ ಒಂದು ಕಡೆ ತಿರುಗಬೇಕು, ಕವಲೊಡೆಯಬೇಕು, ಕಿರಿದಾಗಬೇಕು, ಕವಾಟಕ್ಕೆ ಸೇರಬೇಕು. ತಿರುವಿಗೆ ಎಲ್ಬೋ, ಕವಲಿಗೆ ಟೀ, ಕಿರಿದಾಗುವೆಡೆಗೆ ರೆಡ್ಯೂಸರ್ ಎಂಬ ಫಿಟಿಂಗುಗಳಿವೆ. ಬಿಚ್ಚಿ ಕೂಡಿಸಬಹುದಾದ ಸಂಧಿಗೆ, ಬೋಲ್ಟುಗಳಿಂದ ಬಿಗಿಯುವ ಅಗಲವಾದ ಅಂಚುಳ್ಳ ಫ್ಲ್ಯಾಂಜು ಬೇಕು. ನೇರವಾದ ಕೊಳವೆಯ ಬಲವನ್ನು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ೫ ಎಲ್ ಎಂಬ ನಿರ್ದೇಶವು ಎಕ್ಸ್ ೫೨, ಎಕ್ಸ್ ೬೦, ಎಕ್ಸ್ ೭೦ ಎಂದು ದರ್ಜೆಗಳಾಗಿ ಹೇಳುತ್ತದೆ. ಫಿಟಿಂಗ್ ಮತ್ತು ಫ್ಲ್ಯಾಂಜುಗಳಿಗೆ, ೧೯೨೪ರಲ್ಲಿ ಸ್ಥಾಪಿತವಾದ ಅಮೆರಿಕದ ಕವಾಟ ಮತ್ತು ಫಿಟಿಂಗ್ ತಯಾರಕರ ಪ್ರಮಾಣೀಕರಣ ಸಂಘವು, ಅಂದರೆ ಎಂ.ಎಸ್.ಎಸ್., ಪ್ರಕಟಿಸುವ ಎಸ್.ಪಿ. ೭೫ ಮತ್ತು ಎಸ್.ಪಿ. ೪೪ ಎಂಬ ಗ್ರಂಥಗಳು ಪ್ರಮಾಣವಾಗಿವೆ. ಬಡಿದು ರೂಪಿಸಿದ ಉಕ್ಕಿಗೆ ಎ.ಎಸ್.ಟಿ.ಎಂ. ಎ ೬೯೪ ಎಂಬ ನಿರ್ದೇಶವುಂಟು. ಅಳತೆ ಮತ್ತು ಒತ್ತಡಗಳಿಗೆ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಬಿ ೧೬.೫ ಮತ್ತು ಬಿ ೧೬.೪೭ ಎಂಬ ಗ್ರಂಥಗಳಿವೆ.

ಈ ಗ್ರಂಥಗಳಲ್ಲಿ ಯಾವುದೊಂದೂ ತಾನೇ ಪೂರ್ಣವಲ್ಲ. ಖರೀದಿದಾರನು ಇವುಗಳಿಂದ ಬೇಕಾದುದನ್ನು ಆಯ್ದು, ಬಿಟ್ಟುದನ್ನು ತುಂಬಿ, ತನ್ನ ಕಾರ್ಯಕ್ಕೆ ತಕ್ಕ ಪತ್ರವನ್ನು ರಚಿಸಬೇಕು. ಹೀಗಿರಲು ಅವನು ಸೂತ್ರಗಳನ್ನು ಮುಂದಿಟ್ಟುಕೊಂಡು ವೃತ್ತಿಯನ್ನು ಬರೆಯುವವನ ಸ್ಥಾನದಲ್ಲಿದ್ದಾನೆ. ಗುಣವೂ ದೋಷವೂ ಹೆಚ್ಚಾಗಿ ಕಾಣುವುದು ಈ ವೃತ್ತಿಯಲ್ಲಿ.

೩

ಮೊದಲನೆಯದು ಸಂಜ್ಞೆಗಳ ವಿಚಾರ. ಉಕ್ಕನ್ನು ಎಳೆಯುತ್ತ ಹೋದರೆ ಒಂದು ಮಿತಿಯವರೆಗೆ ಅದು ಹಿಗ್ಗಿ, ಬಿಟ್ಟೊಡನೆ ಮೊದಲಿನ ಉದ್ದಕ್ಕೆ ಬರುತ್ತದೆ. ಆ ಮಿತಿಯನ್ನು ದಾಟಿದರೆ ಹಿಗ್ಗಿದ್ದು ಹಿಗ್ಗಿದಂತೆಯೇ ನಿಲ್ಲುತ್ತದೆ. ಈ ಮಿತಿಗೆ ಯೀಲ್ಡ್ ಬಲವೆಂದು ಹೆಸರು. ಎಕ್ಸ್ ೭೦ ಎಂಬಲ್ಲಿ ೭೦ ಎಂಬುದು ಚದರ ಅಂಗುಲಕ್ಕೆ ೭೦,೦೦೦ ಪೌಂಡುಗಳ ಯೀಲ್ಡ್ ಬಲವನ್ನು ನೇರವಾಗಿ ಹೇಳುತ್ತದೆ. ಎಫ್ ೬೦ ದರ್ಜೆಯ ಫ್ಲ್ಯಾಂಜಿನ ಉಕ್ಕಿನಲ್ಲಿಯೂ ೬೦ರ ಅರ್ಥ ಇದೇ ಬಗೆಯದು. ಇವು ಯೌಗಿಕ ಸಂಜ್ಞೆಗಳು. ಅವಯವಾರ್ಥವನ್ನು ಬಲ್ಲವನಿಗೆ ವಸ್ತುವಿನ ಅರ್ಥವೂ ತಿಳಿಯುತ್ತದೆ.

ಆದರೆ ಅದೇ ಫ್ಲ್ಯಾಂಜನ್ನು ೬೦೦ನೆಯ ವರ್ಗದ್ದೆಂದು ಕರೆದಾಗ ಈ ನಿಯಮವು ಮುರಿಯುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ೬೦೦ನೆಯ ವರ್ಗದ ಸಾಧಾರಣ ಇಂಗಾಲದುಕ್ಕಿನ ಫ್ಲ್ಯಾಂಜು ಚದರ ಅಂಗುಲಕ್ಕೆ ೧೪೮೦ ಪೌಂಡುಗಳ ಒತ್ತಡವನ್ನು ತಾಳಬಲ್ಲುದೆಂದು ಬಿ ೧೬.೫ರ ಕೋಷ್ಟಕವು ಹೇಳುತ್ತದೆ. ೧೫೦ನೆಯ ವರ್ಗದ್ದು ೨೮೫, ೩೦೦ನೆಯ ವರ್ಗದ್ದು ೭೪೦. ಉಷ್ಣತೆಯು ಏರಿದಂತೆ ಈ ಸಂಖ್ಯೆಗಳು ಇಳಿಯುತ್ತವೆ. ಇಲ್ಲಿ ೬೦೦ ಎಂಬುದು ಒತ್ತಡದ ಅಳತೆಯಾಗಿ ಉಳಿದಿಲ್ಲ, ರೂಢಿಯ ಹೆಸರಾಗಿದೆ. ಪಂಕಜವೆಂಬ ಶಬ್ದವು ಕೆಸರಿನಲ್ಲಿ ಹುಟ್ಟಿದ ಎಲ್ಲವನ್ನೂ ಹೇಳದೆ ತಾವರೆಯಲ್ಲಿ ನಿಂತಂತೆ, ಈ ಸಂಖ್ಯೆಯು ಒಂದು ಕೋಷ್ಟಕದ ಸಾಲಿನಲ್ಲಿ ನಿಂತಿದೆ. ಒಂದೇ ಪತ್ರದ ಒಂದೇ ವಾಕ್ಯದಲ್ಲಿ ಎಫ್ ೬೦, ವರ್ಗ ೬೦೦ ಎಂದು ಬರೆದಾಗ ಮೊದಲನೆಯ ಸಂಖ್ಯೆ ಯೌಗಿಕ, ಎರಡನೆಯದು ರೂಢ. ಇದನ್ನರಿಯದವನು ೧೪೪೦ ಪೌಂಡುಗಳ ಒತ್ತಡದ ಮಾರ್ಗಕ್ಕೆ ೧೫೦೦ನೆಯ ವರ್ಗವನ್ನು ಕೇಳಿ ವ್ಯರ್ಥವಾಗಿ ದುಡ್ಡು ತೆರಬಹುದು. ಇದಕ್ಕಿಂತ ಕೆಟ್ಟದ್ದೆಂದರೆ, ಬೆಲೆ ಕಟ್ಟುವವನೂ ಕೆಲಸ ಮಾಡುವವನೂ ಒಂದೇ ಸಂಖ್ಯೆಯನ್ನು ಎರಡು ಬಗೆಯಲ್ಲಿ ಓದಬಹುದು.

೪

ಎರಡನೆಯದು ಕ್ರಿಯಾಪದದ ವಿಚಾರ. ಆಂಗ್ಲ ನಿರ್ದೇಶಗಳಲ್ಲಿ 'ಶಲ್' ಎಂಬುದು ವಿಧಿಗೆ, 'ಶುಡ್' ಎಂಬುದು ಹಿತೋಪದೇಶಕ್ಕೆ, 'ಮೇ' ಎಂಬುದು ಅನುಜ್ಞೆಗೆ ಮೀಸಲಾಗಿವೆ. ಈ ಮೂರನ್ನೂ ಬೆರಸದೆ ಬಳಸುವುದರಲ್ಲಿ ಆ ಗ್ರಂಥಗಳು ತೋರುವ ಎಚ್ಚರವು ಮೀಮಾಂಸಕರಿಗೆ ಮೆಚ್ಚುಗೆಯಾಗತಕ್ಕದ್ದು. ವೇದವಾಕ್ಯಗಳಲ್ಲಿ ವಿಧಿ ಯಾವುದು, ಅರ್ಥವಾದ ಯಾವುದು ಎಂದು ವಿಂಗಡಿಸಿದಂತೆಯೇ, ಫ್ಲ್ಯಾಂಜಿನ ಪತ್ರದಲ್ಲಿಯೂ ಮಾಡಲೇಬೇಕಾದುದನ್ನು ಪ್ರಶಂಸೆಯ ಮಾತಿನಿಂದ ಬೇರ್ಪಡಿಸಬೇಕು. 'ಅತ್ಯುತ್ತಮ ಕೆಲಸಗಾರಿಕೆ', 'ಉತ್ಕೃಷ್ಟ ದರ್ಜೆಯ ಉಕ್ಕು', 'ಯೋಗ್ಯವಾದ ಪರೀಕ್ಷೆ' ಇವೆಲ್ಲ ಅರ್ಥವಾದಗಳು. ಇವುಗಳನ್ನು ಅಳೆಯುವ ಉಪಕರಣವಿಲ್ಲ. ಇವುಗಳ ಭಂಗಕ್ಕೆ ಶಿಕ್ಷೆಯೂ ಇಲ್ಲ.

ಕನ್ನಡಕ್ಕೆ ಈ ವಿಷಯದಲ್ಲಿ ಸಂಪತ್ತೂ ಉಂಟು, ಅಪಾಯವೂ ಉಂಟು. ತಕ್ಕದ್ದು, ಬೇಕು, ಒಳ್ಳೆಯದು, ಬಹುದು, ಕೂಡದು ಎಂದು ಐದು ಮೆಟ್ಟಲುಗಳು ಭಾಷೆಯಲ್ಲಿ ಸಿದ್ಧವಾಗಿವೆ. ಹೀಗಿದ್ದರೂ ಭಾಷಾಂತರಕಾರರು ಆಂಗ್ಲದ ಕರ್ಮಣಿಪ್ರಯೋಗವನ್ನು ಅಕ್ಷರಶಃ ಇಳಿಸಿ 'ಪರೀಕ್ಷಿಸಲಾಗುವುದು' ಎಂದು ಬರೆಯುತ್ತಾರೆ. ಮೂಲದಲ್ಲಿ ಅದು ತಯಾರಕನಿಗೆ ವಿಧಿಯಾಗಿದ್ದಿತು. ಕನ್ನಡದಲ್ಲಿ ಅದು ಭವಿಷ್ಯತ್ತಿನ ವಾಗ್ದಾನವಾಯಿತು. ಮಾತ್ರವಲ್ಲ, ಕರ್ತೃವು ಮರೆಯಾದುದರಿಂದ, ಪರೀಕ್ಷಿಸುವ ಹೊಣೆಯು ಕೊಳ್ಳುವವನದೆಂದೂ ಓದಲು ಸಾಧ್ಯವಾಯಿತು. 'ಪರೀಕ್ಷಿಸುವುದು' ಎಂದರೆ ವಿಧಿಯೋ ಭಾವನಾಮವೋ ಎಂಬ ಸಂದೇಹ ಉಳಿಯುತ್ತದೆ. 'ತಯಾರಕನು ಪರೀಕ್ಷಿಸತಕ್ಕದ್ದು' ಎಂಬಲ್ಲಿ ಮಾತ್ರ ಕರ್ತೃವೂ ವಿಧಿಯೂ ಸ್ಪಷ್ಟವಾಗಿವೆ. ವ್ಯಾಕರಣದ ಪಾಠದಲ್ಲಿ ಒಣ ವಿಷಯವೆಂದು ವಿದ್ಯಾರ್ಥಿಗಳು ದಾಟಿಹೋಗುವ ಕರ್ತರಿ ಕರ್ಮಣಿಗಳ ಭೇದವು ಇಲ್ಲಿ ಹಣದ ಮತ್ತು ಪ್ರಾಣದ ಭೇದವಾಗುತ್ತದೆ.

೫

ಮೂರನೆಯದು ಅನುಕ್ತಿಯ ದೋಷ. ವಾಕ್ಯವು ಪೂರ್ಣವಾಗಲು ಆಕಾಂಕ್ಷೆಯು ತೀರಬೇಕೆಂದು ಶಾಸ್ತ್ರಕಾರರು ಹೇಳುತ್ತಾರೆ. '೩೬ ಅಂಗುಲದ, ೬೦೦ನೆಯ ವರ್ಗದ, ಬಿ ೧೬.೪೭ಕ್ಕೆ ಅನುಸಾರವಾದ ಫ್ಲ್ಯಾಂಜು' ಎಂಬ ಮಾತು ನೋಡುವುದಕ್ಕೆ ಪೂರ್ಣವಾಗಿದೆ. ಆದರೆ ೨೬ರಿಂದ ೬೦ ಅಂಗುಲದವರೆಗಿನ ಫ್ಲ್ಯಾಂಜುಗಳನ್ನು ಹೇಳುವ ಆ ಗ್ರಂಥದಲ್ಲಿ ಎ ಮತ್ತು ಬಿ ಎಂಬ ಎರಡು ಶ್ರೇಣಿಗಳುಂಟು. ಎ ಶ್ರೇಣಿಯು ಎಸ್.ಪಿ. ೪೪ರಿಂದಲೂ, ಬಿ ಶ್ರೇಣಿಯು ಪೆಟ್ರೋಲಿಯಂ ಸಂಸ್ಥೆಯ ೬೦೫ ಎಂಬ ಹಳೆಯ ಪ್ರಮಾಣದಿಂದಲೂ ಬಂದವು. ಬೋಲ್ಟುಗಳ ಗಾತ್ರದಲ್ಲಿಯೂ ರಂಧ್ರಗಳ ವೃತ್ತದಲ್ಲಿಯೂ ಅವು ಬೇರೆಯಾಗಿರುವುದರಿಂದ ಒಂದು ಶ್ರೇಣಿಯ ಫ್ಲ್ಯಾಂಜು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂಡುವುದಿಲ್ಲ. ಒಂದಕ್ಷರದ ಅನುಕ್ತಿಯಿಂದ, ಎರಡೂ ಶಾಸ್ತ್ರೋಕ್ತವಾಗಿದ್ದೂ ಒಂದನ್ನೊಂದು ಸೇರದ ಎರಡು ವಸ್ತುಗಳು ಕೆಲಸದ ಸ್ಥಳಕ್ಕೆ ಬಂದು ಬೀಳುತ್ತವೆ.

ಸಂಧಿಗಳು ಕೂಡದಿದ್ದಾಗ ಏನಾಗುತ್ತದೆಂಬುದಕ್ಕೆ ಬಾಲ್ಟಿಮೋರ್ ನಗರದ ಅಗ್ನಿಪ್ರಮಾದವು ಸಾಕ್ಷಿ. ೧೯೦೪ನೆಯ ಫೆಬ್ರವರಿ ೭ರಂದು ಅಲ್ಲಿ ಬೆಂಕಿ ಹತ್ತಿದಾಗ ವಾಷಿಂಗ್ಟನ್ ಮೊದಲಾದ ನಗರಗಳಿಂದ ನೆರವಿನ ದಳಗಳು ಧಾವಿಸಿ ಬಂದವು. ಆದರೆ ಅವರು ತಂದ ನೀರಿನ ಹೋಸ್‌ಗಳ ತಿರುಪು ಆ ಊರಿನ ನೀರುಗಂಬಗಳ ತಿರುಪಿಗೆ ಹೊಂದಲಿಲ್ಲ. ಸುಮಾರು ಮೂವತ್ತು ಗಂಟೆಗಳ ಕಾಲ ಉರಿದ ಬೆಂಕಿಗೆ ೧೫೦೦ಕ್ಕೂ ಹೆಚ್ಚು ಕಟ್ಟಡಗಳು ಆಹುತಿಯಾದವು. ಅಲ್ಲಿ ನೀರಿಗೂ ಕೊರತೆಯಿರಲಿಲ್ಲ, ಜನರಿಗೂ ಕೊರತೆಯಿರಲಿಲ್ಲ. ಎಲ್ಲರಿಗೂ ಸಮಾನವಾದ ಒಂದು ನಿರ್ದೇಶವಿರಲಿಲ್ಲ.

ಅನುಕ್ತಿಯ ಇನ್ನೊಂದು ರೂಪ ಹೆಚ್ಚು ಸೂಕ್ಷ್ಮವಾದುದು. ಎ.ಎಸ್.ಟಿ.ಎಂ. ನಿರ್ದೇಶಗಳ ಕೊನೆಯಲ್ಲಿ ಪೂರಕ ವಿಧಿಗಳೆಂಬ ಭಾಗವುಂಟು. ಖರೀದಿದಾರನು ತನ್ನ ಆದೇಶದಲ್ಲಿ ಹೆಸರಿಸಿ ಕೇಳಿದರೆ ಮಾತ್ರ ಅವು ಅನ್ವಯಿಸುತ್ತವೆ. ಕೇಳದಿದ್ದರೆ ಅಚ್ಚಾಗಿದ್ದೂ ಮೂಕವಾಗಿರುತ್ತವೆ. ಗ್ರಂಥದಲ್ಲಿ ಓದಿದ ಮಾತೆಲ್ಲ ತನಗೆ ದೊರೆಯಿತೆಂದು ನಂಬುವ ವಾಚಕನು ಇಲ್ಲಿ ಮೋಸಹೋಗುತ್ತಾನೆ. ಕಾವ್ಯದಲ್ಲಿ ಹೇಳದೆ ಬಿಟ್ಟುದನ್ನು ಸಹೃದಯನು ತುಂಬಿಕೊಳ್ಳುತ್ತಾನೆ. ಕಾರ್ಖಾನೆಯಲ್ಲಿ ಅದನ್ನು ಅಗ್ಗದ ಬೆಲೆಯು ತುಂಬುತ್ತದೆ.

೬

ನಾಲ್ಕನೆಯದು 'ಕನಿಷ್ಠ' ಎಂಬ ಪದದ ವಿಚಾರ. ಯೀಲ್ಡ್ ಬಲವು ಇಷ್ಟಕ್ಕೆ ಕಡಮೆಯಿರಬಾರದೆಂದು ಮಾತ್ರ ಹೇಳಿದರೆ, ಎಷ್ಟು ಹೆಚ್ಚಿದ್ದರೂ ಒಳ್ಳೆಯದೆಂಬ ಭಾವನೆಯು ಒಳಸೇರುತ್ತದೆ. ಉಕ್ಕಿನಲ್ಲಿ ಇದು ನಿಜವಲ್ಲ. ಬಲವು ಮಿತಿಮೀರಿದ ಉಕ್ಕು ಗಡುಸಾಗಿ, ಬೆಸುಗೆಯ ಹತ್ತಿರ ಬಿರುಕುಬಿಡುವ ಸ್ವಭಾವವನ್ನು ತಳೆಯಬಹುದು. ಆದುದರಿಂದಲೇ ೫ ಎಲ್ ಗ್ರಂಥವು ತನ್ನ ಎರಡನೆಯ, ಕಠಿಣತರವಾದ ಮಟ್ಟದಲ್ಲಿ ಮೇಲಿನ ಮಿತಿಯನ್ನೂ ವಿಧಿಸಿದೆ: ಎಕ್ಸ್ ೭೦ಕ್ಕೆ ಯೀಲ್ಡ್ ಬಲವು ೪೮೫ಕ್ಕೆ ಕಡಮೆಯಾಗದೆ ೬೩೫ ಮೆಗಾಪ್ಯಾಸ್ಕಲನ್ನು ಮೀರದೆ ಇರಬೇಕು. ಮೊದಲನೆಯ ಮಟ್ಟದಲ್ಲಿ ಈ ಮೇಲ್ಮಿತಿಯಿಲ್ಲ. 'ಎಕ್ಸ್ ೭೦' ಎಂಬ ಹೆಸರು ಎರಡಕ್ಕೂ ಒಂದೇ. ಮಟ್ಟವನ್ನು ಹೇಳದೆ ಬಿಟ್ಟವನಿಗೆ ಯಾವುದು ದೊರೆಯುತ್ತದೆಂಬುದು ಅವನ ಮಾತಿನಿಂದ ನಿಶ್ಚಯವಾಗುವುದಿಲ್ಲ.

ಕೊಳವೆಗೂ ಫಿಟಿಂಗಿಗೂ ಬಲವು ಸಮನಾಗಿಲ್ಲದಿರುವಾಗ ಈ ವಿಚಾರವು ಇನ್ನೂ ಜಟಿಲವಾಗುತ್ತದೆ. ಒತ್ತಡವನ್ನು ವ್ಯಾಸದಿಂದ ಗುಣಿಸಿ, ಯೀಲ್ಡ್ ಬಲದ ಎರಡರಷ್ಟನ್ನು ಸುರಕ್ಷತೆಯ ಗುಣಕದಿಂದ ಗುಣಿಸಿದ ಮೊತ್ತದಿಂದ ಭಾಗಿಸಿದರೆ ಗೋಡೆಯ ದಪ್ಪವು ಬರುತ್ತದೆ. ೩೬ ಅಂಗುಲದ ವ್ಯಾಸ, ೧೪೪೦ ಪೌಂಡುಗಳ ಒತ್ತಡ, ೦.೭೨ರ ಗುಣಕ ಎಂದಿಟ್ಟುಕೊಂಡರೆ ಎಕ್ಸ್ ೭೦ರ ಕೊಳವೆಗೆ ೦.೫೧೪ ಅಂಗುಲ ಬೇಕು. ಅದೇ ಲೆಕ್ಕದಿಂದ ೬೦ನೆಯ ದರ್ಜೆಯ ಫಿಟಿಂಗಿಗೆ ೦.೬೦೦, ೫೨ನೆಯದಕ್ಕೆ ೦.೬೯೨, ೪೨ನೆಯದಕ್ಕೆ ೦.೮೫೭ ಅಂಗುಲ ಬೇಕು. ಬಲದಲ್ಲಿ ಕಡಮೆಯಾದುದನ್ನು ದಪ್ಪದಲ್ಲಿ ತುಂಬಿಕೊಡುವ ನ್ಯಾಯವಿದು. ಆದರೆ ನ್ಯಾಯಕ್ಕೂ ಎಲ್ಲೆಯುಂಟು. ಅನಿಲ ಮಾರ್ಗಗಳ ಬಿ ೩೧.೮ ಸಂಹಿತೆಯು, ಇಂತಹ ಸಂಧಿಯಲ್ಲಿ ಬಲಗುಂದಿದ ಭಾಗದ ದಪ್ಪವನ್ನು ಲೆಕ್ಕಕ್ಕೆ ಹಿಡಿಯುವಾಗ ಅದು ಕೊಳವೆಯ ದಪ್ಪದ ಒಂದೂವರೆಯಷ್ಟನ್ನು ಮೀರಬಾರದೆನ್ನುತ್ತದೆ. ೪೨ನೆಯ ದರ್ಜೆಯಲ್ಲಿ ಈ ಪ್ರಮಾಣವು ೧.೬೭ ಆಗುವುದರಿಂದ ಅದು ತಾನಾಗಿಯೇ ಹೊರಗುಳಿಯುತ್ತದೆ. 'ಫಿಟಿಂಗು ಕೊಳವೆಗೆ ಹೊಂದುವಂತಿರಬೇಕು' ಎಂಬ ಪದಪುಂಜವು ಹೊರಡಿಸದ ಅರ್ಥವನ್ನು ಮೂರು ಸಂಖ್ಯೆಗಳು ಹೊರಡಿಸಿದುದನ್ನು ಇಲ್ಲಿ ಗಮನಿಸಬೇಕು.

ಇದು ಪುಸ್ತಕದ ಚರ್ಚೆ ಮಾತ್ರವಲ್ಲ. ಅಮೆರಿಕದ ಕೊಳವೆ ಮಾರ್ಗಗಳ ಸುರಕ್ಷತೆಯ ಇಲಾಖೆಯು ೨೦೦೯ರಲ್ಲಿ, ಉನ್ನತಬಲದ ಕೆಲವು ಹೊಸ ಕೊಳವೆಗಳ ಯೀಲ್ಡ್ ಬಲವು ಹೇಳಿದುದಕ್ಕಿಂತ ಕಡಮೆಯಾಗಿಯೂ ಏರುಪೇರಾಗಿಯೂ ಇರುವ ಸಂಭವವನ್ನು ಕುರಿತು ಎಚ್ಚರಿಕೆಯ ಪತ್ರವನ್ನು ಹೊರಡಿಸಿತು. ೨೦೧೦ರಲ್ಲಿ ಹೊರಡಿಸಿದ ಇನ್ನೊಂದು ಪತ್ರವು, ದೊಡ್ಡ ವ್ಯಾಸದ ಹೊಸ ಮಾರ್ಗಗಳ ಸುತ್ತುಬೆಸುಗೆಗಳು ಕೆಟ್ಟುದಕ್ಕೆ ದಪ್ಪದ ಅಸಮರ್ಪಕವಾದ ಪರಿವರ್ತನೆ, ಅಂಚುಗಳ ಹೊಂದಿಕೆಯಿಲ್ಲದಿರುವಿಕೆ, ಬೆಸುಗೆಯ ಕ್ರಮದ ಲೋಪ ಎಂಬ ಕಾರಣಗಳನ್ನು ಎತ್ತಿ ತೋರಿಸಿತು.

೭

ಐದನೆಯದು ನಿದರ್ಶನದ ವಿಚಾರ. ಎಕ್ಸ್ ೭೦ರ ಕೊಳವೆಯ ತಗಡು ತನ್ನ ಬಲವನ್ನು ಪಡೆಯುವುದು ಕೇವಲ ಇಂಗಾಲದಿಂದಲ್ಲ. ನಿಯೋಬಿಯಂ, ವನೇಡಿಯಂ ಮೊದಲಾದ ಧಾತುಗಳ ಅಲ್ಪಾಂಶದಿಂದಲೂ, ಉಷ್ಣತೆಯನ್ನು ಹತೋಟಿಯಲ್ಲಿಟ್ಟು ಉರುಳೆಗಳ ನಡುವೆ ಹಾಯಿಸುವುದರಿಂದ ಬರುವ ನುಣ್ಣನೆಯ ಕಣರಚನೆಯಿಂದಲೂ. ಅದೇ ತಗಡನ್ನು ಕೆಂಪಗೆ ಕಾಯಿಸಿ ಎಲ್ಬೋ ಅಥವಾ ಟೀ ಆಗಿ ರೂಪಿಸಿದರೆ ಆ ಕಣರಚನೆಯು ಅಳಿದುಹೋಗುತ್ತದೆ. ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಹದವಾಗಿ ಕಾಯಿಸುವ ಸಂಸ್ಕಾರದಿಂದ ಬಲವನ್ನು ಮರಳಿ ತರಬೇಕು. ದಪ್ಪನಾದ ಫ್ಲ್ಯಾಂಜಿನಲ್ಲಿ ಹೊರಮೈ ಬೇಗ ತಣಿದರೂ ಒಡಲು ನಿಧಾನವಾಗಿ ತಣಿಯುವುದರಿಂದ, ಒಳಗಿನ ಬಲವು ಹೊರಗಿನ ಬಲಕ್ಕಿಂತ ಕಡಮೆಯಾಗಬಹುದು.

ಹೀಗಿರುವಲ್ಲಿ, ಪ್ರತ್ಯೇಕವಾಗಿ ಬಡಿದ ಸಣ್ಣ ತುಂಡೊಂದನ್ನು ಪರೀಕ್ಷಿಸಿ ಅದರ ಫಲವನ್ನು ದೊಡ್ಡ ಫ್ಲ್ಯಾಂಜಿಗೆ ಆರೋಪಿಸಿದರೆ ಆ ಪ್ರಮಾಣಪತ್ರವು ಸುಳ್ಳಲ್ಲ. ಆದರೆ ಬೇರೊಂದು ವಸ್ತುವಿನ ವಿಷಯದಲ್ಲಿ ನಿಜ. ಒಂದು ಪದ್ಯವನ್ನು ಆಯ್ದು ಇಡೀ ಕಾವ್ಯವನ್ನು ಹೊಗಳುವ ವಿಮರ್ಶಕನೂ ಇದೇ ತಪ್ಪನ್ನು ಮಾಡುತ್ತಾನೆ. ಮಾದರಿಯು ಎಲ್ಲಿಯದು, ಎಷ್ಟು ದಪ್ಪದ್ದು, ಯಾವ ದಿಕ್ಕಿನಲ್ಲಿ ಕತ್ತರಿಸಿದ್ದು, ವಸ್ತುವಿನೊಡನೆ ಅದೇ ಕುಲುಮೆಯಲ್ಲಿ ಸಂಸ್ಕಾರ ಪಡೆದುದೇ ಎಂಬ ಪ್ರಶ್ನೆಗಳಿಗೆ ಪತ್ರದಲ್ಲಿ ಉತ್ತರವಿರಬೇಕು.

೮

ಇಷ್ಟನ್ನು ಕೇಳಿದವರು, ಹಾಗಾದರೆ ದೊರೆಯುವ ಪ್ರಮಾಣಗಳನ್ನೆಲ್ಲ ಹೆಸರಿಸಿಬಿಟ್ಟರೆ ಕ್ಷೇಮವಲ್ಲವೆ ಎಂದು ಆಕ್ಷೇಪಿಸಬಹುದು. ಅನೇಕ ಪತ್ರಗಳು ಈ ದಾರಿಯನ್ನೇ ಹಿಡಿದಿವೆ. ಹತ್ತಾರು ಗ್ರಂಥಗಳನ್ನು ಪಟ್ಟಿಮಾಡಿ, ಅವುಗಳಲ್ಲಿ ವಿರೋಧ ಬಂದರೆ 'ಹೆಚ್ಚು ಕಠಿಣವಾದುದೇ ಪ್ರಮಾಣ' ಎಂದು ಮುಗಿಸುತ್ತವೆ. ಮೇಲುನೋಟಕ್ಕೆ ಇದು ಸರ್ವರಕ್ಷೆಯಂತೆ ತೋರುತ್ತದೆ. ಆದರೆ ಗಂಧಕದ ವಿಷಾನಿಲವಿರುವ ಮಾರ್ಗವನ್ನು ತೆಗೆದುಕೊಳ್ಳಬಹುದು. ಅಲ್ಲಿ ಉಕ್ಕು ಬಿರಿಯದಿರಲೆಂದು ಐ.ಎಸ್.ಓ. ೧೫೧೫೬ ಎಂಬ ಪ್ರಮಾಣವು ಇಂಗಾಲದುಕ್ಕಿನ ಗಡುಸುತನಕ್ಕೆ ಸಾಮಾನ್ಯವಾಗಿ ರಾಕ್‌ವೆಲ್ ಸಿ ೨೨ರ ಮೇಲ್ಮಿತಿಯನ್ನಿಟ್ಟಿದೆ. ಬಲವನ್ನು ಏರಿಸಿದಂತೆ ಗಡುಸುತನವೂ ಏರುತ್ತದೆ. ಬಲಕ್ಕೆ ಹೆಚ್ಚಿನ ಕೆಳಮಿತಿ ಕಠಿಣವೋ, ಗಡುಸುತನಕ್ಕೆ ಕಡಮೆಯ ಮೇಲ್ಮಿತಿ ಕಠಿಣವೋ? ಎರಡೂ ಕಠಿಣವೇ, ಎರಡೂ ಒಂದನ್ನೊಂದು ಎಳೆಯುವುವು. ಇವೆರಡರ ನಡುವೆ ಉಳಿಯುವ ಕಿರಿದಾದ ಹಾದಿಯನ್ನು ಗುರುತಿಸುವುದೇ ಪತ್ರಕಾರನ ಕೆಲಸ. 'ಕಠಿಣವಾದುದು' ಎಂದವನು ಆ ಕೆಲಸವನ್ನು ಕುಲುಮೆಯ ಮುಂದೆ ನಿಂತವನ ಮೇಲೆ ಹೊರಿಸಿ ತಾನು ಕೈತೊಳೆದುಕೊಂಡನು. ಅನುಕ್ತಿಯಂತೆಯೇ ಅತ್ಯುಕ್ತಿಯೂ ದೋಷವೆಂಬ ಲಾಕ್ಷಣಿಕರ ಮಾತು ಇಲ್ಲಿಯೂ ಸಲ್ಲುತ್ತದೆ.

ಎರಡು ಬಗೆಯ ರಚನೆಗಳನ್ನು ಹೋಲಿಸಿದರೆ ಈ ವಿಷಯವು ವಿಶದವಾದೀತು. 'ಫ್ಲ್ಯಾಂಜುಗಳು ಉತ್ಕೃಷ್ಟವಾದ ಉನ್ನತಬಲದ ಉಕ್ಕಿನವಾಗಿದ್ದು, ೩೬ ಅಂಗುಲದ ಕೊಳವೆಗೆ ಸರಿಹೊಂದುವಂತಿರಬೇಕು. ಅವುಗಳನ್ನು ಯೋಗ್ಯ ರೀತಿಯಲ್ಲಿ ಪರೀಕ್ಷಿಸಲಾಗುವುದು.' ಇದರಲ್ಲಿ ಶ್ರುತಿಕಷ್ಟವಿಲ್ಲ, ವ್ಯಾಕರಣ ದೋಷವಿಲ್ಲ; ಆದರೆ ಅಳತೆಯೊಂದನ್ನುಳಿದು ಬೇರೆ ಅರ್ಥವಿಲ್ಲ. ಇದನ್ನೇ ಹೀಗೆ ಬರೆಯಬಹುದು: 'ಫ್ಲ್ಯಾಂಜು ಎಸ್.ಪಿ. ೪೪ಕ್ಕೆ ಅನುಸಾರವಾದ, ೩೬ ಅಂಗುಲದ, ೬೦೦ನೆಯ ವರ್ಗದ, ಎಫ್ ೬೦ ದರ್ಜೆಯದಾಗಿರತಕ್ಕದ್ದು. ಅದಕ್ಕೆ ಬೆಸೆಯುವ ಕೊಳವೆಯು ಎಕ್ಸ್ ೭೦ ದರ್ಜೆಯದು, ಗೋಡೆ ೦.೫೧೫ ಅಂಗುಲ. ಫ್ಲ್ಯಾಂಜಿನ ಬೆಸುಗೆಯ ಅಂಚಿನ ದಪ್ಪವು ೦.೬೦೧ ಅಂಗುಲಕ್ಕೆ ಕಡಮೆಯಿರಕೂಡದು. ತಯಾರಕನು ಎಳೆತದ ಪರೀಕ್ಷೆಯನ್ನೂ, ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಚಾರ್ಪಿ ಪರೀಕ್ಷೆಯನ್ನೂ, ಫ್ಲ್ಯಾಂಜಿನೊಡನೆ ಒಂದೇ ಸಂಸ್ಕಾರ ಪಡೆದು ಅದರಷ್ಟೇ ದಪ್ಪವಾದ ತುಂಡಿನ ಮೇಲೆ ನಡಸತಕ್ಕದ್ದು.' ಇದರಲ್ಲಿ ಅಲಂಕಾರವಿಲ್ಲ. ಆದರೆ ಕರ್ತೃವುಂಟು, ಕರ್ಮವುಂಟು, ವಿಧಿಯುಂಟು, ಮಿತಿಯುಂಟು. ಚಾರ್ಪಿಯ ಪೆಟ್ಟಿಗೆ ಉಕ್ಕು ಹೀರಬೇಕಾದ ಶಕ್ತಿಯ ಸಂಖ್ಯೆಯೊಂದನ್ನು ಸೇರಿಸಿದರೆ ಆಕಾಂಕ್ಷೆಯು ತೀರುತ್ತದೆ. ಇಷ್ಟು ಎಚ್ಚರದಿಂದ ಬರೆದ ವಾಕ್ಯದಲ್ಲಿಯೂ ಒಂದು ಅಂಶವು ಉಳಿದುಹೋಗುವುದೆಂಬುದೇ ಈ ಗದ್ಯದ ಕಷ್ಟಕ್ಕೆ ನಿದರ್ಶನ.

೯

ಈ ಗ್ರಂಥಗಳು ಅನ್ಯದೇಶದವು, ಅನ್ಯಭಾಷೆಯವು. ಆದರೆ ಅವು ವಿಧಿಸುವ ವಸ್ತುಗಳು ಕನ್ನಡ ನಾಡಿನ ನೆಲಕ್ಕೂ ಬಂದಿವೆ. ಕೊಂಕಣದ ದಾಭೋಳದಿಂದ ಬೆಂಗಳೂರಿಗೆ ಅನಿಲವನ್ನು ತರುವ ಕೊಳವೆ ಮಾರ್ಗವು ೨೦೧೩ರಲ್ಲಿ ಕಾರ್ಯಾರಂಭ ಮಾಡಿತು. ಹೊಲಗಳ ಅಡಿಯಲ್ಲಿ ಹಾಯುವ ಇಂತಹ ಮಾರ್ಗದ ಮೇಲೆ ಉಳುವ ರೈತನು ನಿರ್ದೇಶ ಪತ್ರವನ್ನು ಓದುವವನಲ್ಲ. ಆದರೆ ಅದರ ಒಂದೊಂದು ಕ್ರಿಯಾಪದದ ಮೇಲೂ ಅವನು ನಿಂತಿದ್ದಾನೆ. ಬೆಸೆಯುವವರು, ಮೇಸ್ತ್ರಿಗಳು, ಕಾವಲಿನವರು ಕನ್ನಡದಲ್ಲಿ ಮಾತನಾಡುವೆಡೆಗಳಲ್ಲಿ, ಅವರ ಕೈಗೆ ಬರುವ ಸೂಚನೆಯು ಕನ್ನಡದಲ್ಲಿಯೇ ನಿಸ್ಸಂದಿಗ್ಧವಾಗಿ ಇರಬೇಕೆಂಬುದು ಭಾಷಾಭಿಮಾನದ ಮಾತಲ್ಲ, ಕ್ಷೇಮದ ಮಾತು.

ಇದಕ್ಕೆ ಬೇಕಾದ ಸಾಮಗ್ರಿಯು ಭಾಷೆಯಲ್ಲಿಯೇ ಇದೆಯೆಂಬುದು ಮೇಲಿನ ವಿವೇಚನೆಯಿಂದ ತಿಳಿದುಬರುತ್ತದೆ. ಫ್ಲ್ಯಾಂಜು, ಬೋಲ್ಟು ಮೊದಲಾದ ಶಬ್ದಗಳನ್ನು ಕೆಲಸಗಾರರು ಬಳಸುವಂತೆಯೇ ಉಳಿಸಿಕೊಂಡರೆ ನಷ್ಟವಿಲ್ಲ. ನಷ್ಟವಾಗುವುದು ವಾಕ್ಯದ ಕಟ್ಟಿನಲ್ಲಿ. ನಾಮಪದಗಳಿಗೆ ಹೊಸ ಪರಿಭಾಷೆಯನ್ನು ಟಂಕಿಸುವುದರಲ್ಲಿ ವಿದ್ವಾಂಸರು ವ್ಯಯಿಸಿದ ಶ್ರಮದ ಒಂದಂಶವನ್ನು ವಿಧ್ಯರ್ಥದ ಕ್ರಿಯಾಪದಗಳ ನಿಯತವಾದ ಬಳಕೆಗೆ ತಿರುಗಿಸಿದರೆ ಫಲವು ಹೆಚ್ಚಾದೀತು. ಗದ್ಯದ ಪಾಠಕ್ಕೆ ಪ್ರಬಂಧ, ಕಥೆಗಳೊಡನೆ ಇಂತಹ ಒಂದು ನಿರ್ದೇಶ ಪತ್ರವನ್ನೂ ಇಟ್ಟು, ಇದರಲ್ಲಿ ಯಾರು ಏನನ್ನು ಮಾಡತಕ್ಕದ್ದೆಂದು ವಿದ್ಯಾರ್ಥಿಗಳನ್ನು ಕೇಳುವ ಅಧ್ಯಾಪಕರು, ಕರ್ತೃಕರ್ಮಗಳ ಪ್ರಕರಣವನ್ನು ಬೇರೆಯಾಗಿ ಬೋಧಿಸಬೇಕಾಗಲಾರದು. ಕೇಶಿರಾಜನ ಕ್ರಮದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಮೂರೂ ಈ ಗದ್ಯಕ್ಕೆ ಬೇಕು. ಇದರ ಪ್ರಯೋಗವು ಮಾತ್ರ ಪುಸ್ತಕದಲ್ಲಿಲ್ಲ, ನೆಲದ ಕೆಳಗೆ ಒತ್ತಡದಲ್ಲಿದೆ.